ಇಸ್ಲಾಂ ಶುರುವಾದದ್ದು ಹೇಗೆ? ನಮಾಜು, ರೋಜಾ, ಜಕಾತ್ ಯಾವಾಗ ಬಂದವು? ತಿಳಿದವರು ಹೇಳಿ

ದುರ್ಗದ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮುಂದಿನ ವಾರ ಇಸ್ಲಾಂ ಧರ್ಮದ ಉದಯದ ಪಾಠ ಇದೆ. ಪುಸ್ತಕದಲ್ಲಿರುವುದನ್ನಷ್ಟೇ ಹೇಳಿದರೆ ಅರ್ಧ ಗಂಟೆಗೆ ಮುಗಿದುಹೋಗುತ್ತದೆ. ಮೆಕ್ಕಾ, ಮದೀನಾ, 622, ಐದು ಕರ್ತವ್ಯಗಳು (ನಂಬಿಕೆ, ನಮಾಜು, ಉಪವಾಸ ಅಂದರೆ ರೋಜಾ, ಕಡ್ಡಾಯ ದಾನ ಅಂದರೆ ಜಕಾತ್, ಹಜ್ ಯಾತ್ರೆ). ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ಪರೀಕ್ಷೆ ಆದ ಮೇಲೆ ಮರೆಯುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗ ಎದ್ದು ನಿಂತು, ‘ದಿನಕ್ಕೆ ಐದೇ ಸಲ ಯಾಕೆ ಮಿಸ್, ಯಾರು ಹೇಳಿದ್ದು?’ ಅಂತ ಕೇಳಿದ. ಇನ್ನೊಬ್ಬಳು, ‘ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಲ್ಲ, ನಮ್ಮ ಯುಗಾದಿ ಹಾಗೆ ಸರಿಯಲ್ಲವಲ್ಲ’ ಅಂದಳು. ಎಷ್ಟು ಒಳ್ಳೆಯ ಪ್ರಶ್ನೆಗಳು! ಇವಕ್ಕೆ ಪಠ್ಯದಲ್ಲಿ ಉತ್ತರ ಇಲ್ಲ.

ನನಗೆ ಬೇಕಾದದ್ದು ಇಷ್ಟು: ಪ್ರವಾದಿಯವರ ಕಾಲದ ಕಥೆ ಮತ್ತು ಆಚರಣೆಗಳು ಒಂದಕ್ಕೊಂದು ಹೇಗೆ ಸೇರಿಕೊಂಡಿವೆ? ಎಲ್ಲ ಒಂದೇ ದಿನ ಬಂದವಾ, ಒಂದೊಂದಾಗಿ ಬಂದವಾ? ತಿಳಿದವರು ಬಿಡುವು ಮಾಡಿಕೊಂಡು ಬರೆಯಿರಿ. ಉದ್ದ ಆದರೂ ಪರವಾಗಿಲ್ಲ.

ಬಂದರಿನವ

ಮೇಡಂ, ಈ ಪ್ರಶ್ನೆ ಕೇಳಿದ್ದಕ್ಕೆ ಮೊದಲು ಧನ್ಯವಾದ. ನಾನು ಮಂಗಳೂರಿನ ಬ್ಯಾರಿ. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕಲಿತದ್ದು, ಆಮೇಲೆ ನಾನೇ ಓದಿಕೊಂಡದ್ದು ಸೇರಿಸಿ ಬರೆಯುತ್ತೇನೆ.

ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯ. ಆಚರಣೆಗಳು ಒಂದೊಂದಾಗಿ ಬಂದವು, ಸುಮಾರು 23 ವರ್ಷಗಳಲ್ಲಿ. ಐದು ಕರ್ತವ್ಯಗಳನ್ನು ಒಂದು ಪಟ್ಟಿಯ ಹಾಗೆ ಕಲಿಸಿದರೆ ಮಕ್ಕಳಿಗೆ ಅದು ನಿಯಮಗಳ ಬೋರ್ಡಿನಂತೆ ಕಾಣುತ್ತದೆ. ಯಾವುದು ಯಾವಾಗ ಬಂತು, ಆಗ ಆ ಜನ ಎಂಥ ಸ್ಥಿತಿಯಲ್ಲಿದ್ದರು ಅಂತ ಹೇಳಿದರೆ ಎಲ್ಲಕ್ಕೂ ಜೀವ ಬರುತ್ತದೆ.

ಮೊದಲು ಊರು. ಮೆಕ್ಕಾ ಬೋಳು ಬೆಟ್ಟಗಳ ನಡುವಿನ ಕಣಿವೆ. ಬೇಸಾಯ ಇಲ್ಲ. ಝಂಝಂ ಬಾವಿಯ ನೀರು, ಕಅಬಾ ಎಂಬ ಹಳೆಯ ದೇವಾಲಯ, ಒಂಟೆಗಳ ಮೇಲೆ ವ್ಯಾಪಾರ, ಇವೇ ಊರಿನ ಆಧಾರ. ಚಳಿಗಾಲಕ್ಕೆ ಯಮನ್ ಕಡೆ, ಬೇಸಿಗೆಗೆ ಸಿರಿಯಾ ಕಡೆ ಸರಕಿನ ತಂಡಗಳು ಹೋಗುತ್ತಿದ್ದವು. ಊರು ಕುರೈಶ್ ಬುಡಕಟ್ಟಿನ ಕೈಯಲ್ಲಿತ್ತು. ಬೇರೆ ಬೇರೆ ಬುಡಕಟ್ಟುಗಳು ತಮ್ಮ ವಿಗ್ರಹಗಳನ್ನು ಕಅಬಾದಲ್ಲಿ ಇಟ್ಟಿದ್ದವು. ಯಾತ್ರೆಯ ತಿಂಗಳುಗಳಲ್ಲಿ ಜಗಳ ಮಾಡಬಾರದು ಎಂಬ ಕಟ್ಟಳೆ ಇತ್ತು. ಜನ ಬರುತ್ತಿದ್ದರು, ಸಂತೆ ಕೂಡುತ್ತಿತ್ತು, ಹಣ ಓಡಾಡುತ್ತಿತ್ತು.

ಅಲ್ಲಿ ಸುಮಾರು 570ರಲ್ಲಿ ಪ್ರವಾದಿ ಮುಹಮ್ಮದ್ (ಸ, ಅಂದರೆ ಅವರ ಮೇಲೆ ಶಾಂತಿ ಇರಲಿ) ಹುಟ್ಟಿದರು. ಹುಟ್ಟುವ ಮೊದಲೇ ತಂದೆ ಅಬ್ದುಲ್ಲಾ ತೀರಿಕೊಂಡಿದ್ದರು. ಆರು ವರ್ಷಕ್ಕೆ ತಾಯಿ ಆಮಿನಾ ಹೋದರು. ಅಜ್ಜ ಅಬ್ದುಲ್ ಮುತ್ತಲಿಬ್, ಅವರ ನಂತರ ದೊಡ್ಡಪ್ಪ ಅಬೂ ತಾಲಿಬ್ ಸಾಕಿದರು. ಅನಾಥರ ಬಗ್ಗೆ, ಅವರ ಆಸ್ತಿಯ ಬಗ್ಗೆ ಕುರ್‌ಆನ್ ಅಷ್ಟು ಗಟ್ಟಿಯಾಗಿ ಮಾತಾಡುವುದನ್ನು ಓದುವಾಗಲೆಲ್ಲ ನನಗೆ ಈ ಬಾಲ್ಯ ನೆನಪಾಗುತ್ತದೆ.

ದೊಡ್ಡವರಾದ ಮೇಲೆ ವ್ಯಾಪಾರಕ್ಕೆ ಇಳಿದರು. ನಂಬಿಕಸ್ಥ ಅಂತ ಹೆಸರಾಯಿತು, ಊರವರು ‘ಅಲ್ ಅಮೀನ್’ ಎಂದೇ ಕರೆಯುತ್ತಿದ್ದರು. ಖದೀಜಾ ಎಂಬ ವಿಧವೆ ಮೆಕ್ಕಾದಲ್ಲಿ ದೊಡ್ಡ ವ್ಯಾಪಾರಸ್ಥೆ. ತಮ್ಮ ಸರಕನ್ನು ಇವರ ಕೈಯಲ್ಲಿ ಸಿರಿಯಾಕ್ಕೆ ಕಳಿಸಿದರು. ಆಮೇಲೆ ಮದುವೆಯ ಮಾತು ಕೂಡ ಅವರ ಕಡೆಯಿಂದಲೇ ಬಂತು. ಪ್ರವಾದಿಯವರಿಗೆ ಆಗ 25 ವರ್ಷ. ಖದೀಜಾ ಬದುಕಿರುವವರೆಗೆ ಅವರು ಇನ್ನೊಂದು ಮದುವೆಯಾಗಲಿಲ್ಲ.

ನಲವತ್ತರ ಹೊತ್ತಿಗೆ ಒಬ್ಬರೇ ಕೂತು ಯೋಚಿಸುವುದು ಜಾಸ್ತಿಯಾಯಿತು. ಊರ ಹೊರಗೆ ಜಬಲುನ್ನೂರ್ ಬೆಟ್ಟ, ಅದರ ಮೇಲೆ ಹಿರಾ ಎಂಬ ಸಣ್ಣ ಗುಹೆ. 610ರ ರಂಜಾನಿನ ಒಂದು ರಾತ್ರಿ ಅಲ್ಲಿ ದೇವದೂತ ಜಿಬ್ರೀಲ್ ಬಂದು ‘ಓದು’ ಅಂದರು ಎಂಬುದು ನಮ್ಮ ನಂಬಿಕೆ. ಓದು ಬರಹ ಕಲಿಯದ ಮನುಷ್ಯನಿಗೆ ಸಿಕ್ಕ ಮೊದಲ ಆಜ್ಞೆ ಅದು. ಪ್ರವಾದಿಯವರು ನಡುಗುತ್ತಾ ಮನೆಗೆ ಬಂದು, ‘ನನಗೆ ಹೊದಿಸಿ, ಹೊದಿಸಿ’ ಅಂದರಂತೆ. ಖದೀಜಾ ಹೊದಿಸಿದರು, ಧೈರ್ಯ ಹೇಳಿದರು. ನೀವು ನೆಂಟರನ್ನು ನೋಡಿಕೊಳ್ಳುತ್ತೀರಿ, ಬಡವರ ಭಾರ ಹೊರುತ್ತೀರಿ, ದೇವರು ನಿಮ್ಮನ್ನು ಕೈಬಿಡುವುದಿಲ್ಲ ಎಂದರು. ಇಸ್ಲಾಮನ್ನು ಮೊದಲು ಒಪ್ಪಿದ್ದು ಆ ಹೆಂಗಸು. ಇದನ್ನು ಕ್ಲಾಸಿನಲ್ಲಿ ತಪ್ಪದೆ ಹೇಳಿ ಮೇಡಂ.

ಈ ಹಂತದಲ್ಲಿ ಇರುವುದು ಒಂದೇ ಕರ್ತವ್ಯ, ಅದು ನಂಬಿಕೆ. ಒಬ್ಬನೇ ದೇವರು, ಮುಹಮ್ಮದ್ ಅವನ ದೂತರು. ಇವತ್ತಿಗೂ ಕಲಿಮಾ ಅಂದರೆ ಇದೇ. ಕೇಳಲು ಸುಲಭ, ಆದರೆ ಆ ಊರಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಎಂದರೆ ಕುಲವನ್ನು ಎದುರು ಹಾಕಿಕೊಂಡಂತೆ. ಬಿಲಾಲ್ ಎಂಬ ಇಥಿಯೋಪಿಯಾ ಮೂಲದ ಗುಲಾಮರನ್ನು ಅವರ ಧಣಿ ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದ. ಅವರು ‘ಅಹದ್, ಅಹದ್’ ಅನ್ನುತ್ತಲೇ ಇದ್ದರು. ದೇವರು ಒಬ್ಬನೇ ಅಂತ. ಪ್ರವಾದಿಯವರ ಗೆಳೆಯ ಅಬೂಬಕರ್ ಅವರು ಹಣ ಕೊಟ್ಟು ಬಿಡಿಸಿದರು.

ನೇರಮಾತು

ಒಂದು ಅನುಮಾನ. ಕಅಬಾ ಮೊದಲೇ ಇತ್ತು, ಅದರೊಳಗೆ ವಿಗ್ರಹಗಳಿದ್ದವು ಅಂತೀರಿ. ಹಾಗಾದರೆ ಮುಸ್ಲಿಮರು ಅದನ್ನೇ ಯಾಕೆ ಉಳಿಸಿಕೊಂಡರು? ಈಗ ಆ ಕಲ್ಲಿನ ಕಟ್ಟಡಕ್ಕೇ ಪೂಜೆ ಮಾಡುತ್ತಾರಾ?

ಬಂದರಿನವ

ಒಳ್ಳೆಯ ಪ್ರಶ್ನೆ ಸರ್. ಕಅಬಾವನ್ನು ಮೊದಲು ಕಟ್ಟಿದ್ದು ಇಬ್ರಾಹೀಮ್ ಮತ್ತು ಅವರ ಮಗ ಇಸ್ಮಾಯೀಲ್, ಒಬ್ಬನೇ ದೇವರ ಆರಾಧನೆಗಾಗಿ ಎಂಬುದು ಕುರ್‌ಆನಿನ ಮಾತು. ಯಹೂದಿಗಳು, ಕ್ರೈಸ್ತರು ಅಬ್ರಹಾಂ ಅನ್ನುವುದು ಇದೇ ಇಬ್ರಾಹೀಮರನ್ನು. ವಿಗ್ರಹಗಳು ಆಮೇಲೆ ಸೇರಿದವು ಎಂದು ಮುಸ್ಲಿಮರು ನಂಬುತ್ತಾರೆ. ಹಾಗಾಗಿ ಪ್ರವಾದಿಯವರು ಹೊಸ ಧರ್ಮ ಕಟ್ಟುತ್ತಿದ್ದೇನೆ ಎಂದು ಹೇಳಲಿಲ್ಲ. ಇಬ್ರಾಹೀಮರ ಹಳೆಯ ದಾರಿಗೆ ಮರಳಿ ಎಂದರು. ಮೂಸಾ (ಮೋಶೆ), ಈಸಾ (ಯೇಸು) ಎಲ್ಲರನ್ನೂ ಪ್ರವಾದಿಗಳೆಂದು ಒಪ್ಪುವುದು ನಮಗೆ ಕಡ್ಡಾಯ.

ಕಅಬಾಕ್ಕೆ ಪೂಜೆ ಇಲ್ಲ. ಅದು ದಿಕ್ಕು ಮಾತ್ರ. ಜಗತ್ತಿನ ಎಲ್ಲ ಮುಸ್ಲಿಮರೂ ಅದರ ಕಡೆ ಮುಖಮಾಡಿ ನಿಲ್ಲುತ್ತಾರೆ. ನಮ್ಮಲ್ಲಿ ಅದು ಪಶ್ಚಿಮ, ಈಜಿಪ್ಟಿನವರಿಗೆ ಅದು ಆಗ್ನೇಯ. ಮೊದಮೊದಲು ಈ ದಿಕ್ಕು ಜೆರುಸಲೇಮಿನ ಕಡೆಗಿತ್ತು. ಮದೀನಾಕ್ಕೆ ಹೋದ ಮೇಲೆ, 624ರಲ್ಲಿ, ಮೆಕ್ಕಾದ ಕಡೆಗೆ ಬದಲಾಯಿತು. ಕಲ್ಲಿಗೇ ಪೂಜೆ ಆಗಿದ್ದರೆ ದಿಕ್ಕು ಬದಲಾಗುವ ಪ್ರಶ್ನೆಯೇ ಬರುತ್ತಿರಲಿಲ್ಲ ಅಲ್ವಾ?

ಹಳೇ_ನಕ್ಷೆ

ನನಗೆ ಇತಿಹಾಸದ ಹುಚ್ಚು. ಮುಸ್ಲಿಂ ಅಲ್ಲ. ಮದೀನಾದ ಭಾಗ ನಾನು ಬರೆಯಲಾ? ಬಂದರಿನವರು ಬೇಕಾದರೆ ಸೇರಿಸಲಿ.

ಟೀಚರ್, ಪಾಠದಲ್ಲಿ 622 ಅಂತ ಒಂದು ಇಸವಿ ಇದೆಯಲ್ಲ, ಅದರ ಹಿಂದಿನ ಮೂರು ವರ್ಷ ಹೇಳದಿದ್ದರೆ ಆ ಇಸವಿಗೆ ತೂಕವೇ ಬರುವುದಿಲ್ಲ. ಮೆಕ್ಕಾದ ಮುಖಂಡರು ಪ್ರವಾದಿಯವರ ಕುಟುಂಬಕ್ಕೆ ಬಹಿಷ್ಕಾರ ಹಾಕಿದ್ದರು. ಕೊಡು ಕೊಳ್ಳುವುದು ಇಲ್ಲ, ಹೆಣ್ಣು ಗಂಡು ತರುವುದಿಲ್ಲ. ಅದು ಮುಗಿದ ಸ್ವಲ್ಪ ದಿನಕ್ಕೇ, 619ರಲ್ಲಿ, ಖದೀಜಾ ತೀರಿಕೊಂಡರು. ಅದೇ ವರ್ಷ ಅಬೂ ತಾಲಿಬ್ ಕೂಡ. ಮನೆಯ ಆಸರೆ ಹೋಯಿತು, ಕುಲದ ರಕ್ಷಣೆಯೂ ಹೋಯಿತು. ಪಕ್ಕದ ತಾಯಿಫ್ ಊರಿಗೆ ನೆರವು ಕೇಳಲು ಹೋದರೆ ಅಲ್ಲಿನವರು ಹುಡುಗರನ್ನು ಬಿಟ್ಟು ಕಲ್ಲು ಹೊಡೆಸಿದರು.

ದಿನಕ್ಕೆ ಐದು ಹೊತ್ತಿನ ನಮಾಜು ಬಂದದ್ದು ಈ ಕೆಟ್ಟ ದಿನಗಳಲ್ಲೇ ಎಂದು ಸಂಪ್ರದಾಯ ಹೇಳುತ್ತದೆ. ಒಂದು ರಾತ್ರಿ ಪ್ರವಾದಿಯವರು ಜೆರುಸಲೇಮಿಗೂ ಅಲ್ಲಿಂದ ಆಕಾಶಕ್ಕೂ ಕರೆದೊಯ್ಯಲ್ಪಟ್ಟರು, ಅದು ಮಿಅರಾಜ್. ಮೊದಲು ದಿನಕ್ಕೆ 50 ಹೊತ್ತಿನ ನಮಾಜು ವಿಧಿಸಲಾಯಿತಂತೆ. ನಿನ್ನ ಜನರಿಗೆ ಇದು ಕಷ್ಟ, ಕಡಿಮೆ ಮಾಡಿಸಿಕೊ ಅಂತ ಮೂಸಾ ಮತ್ತೆ ಮತ್ತೆ ಕಳಿಸಿದರು. ಕೊನೆಗೆ ಐದಕ್ಕೆ ಬಂತು, ಫಲ ಮಾತ್ರ ಐವತ್ತರದ್ದು. ನಿಮ್ಮ ಹುಡುಗನ ಪ್ರಶ್ನೆಗೆ ಮುಸ್ಲಿಮರು ಕೊಡುವ ಉತ್ತರ ಇದು.

ಅತ್ತ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿ ಯಸ್ರಿಬ್ ಎಂಬ ಊರು. ಖರ್ಜೂರದ ತೋಟಗಳ ಊರು. ಔಸ್, ಖಝ್ರಜ್ ಎಂಬ ಎರಡು ಅರಬ್ ಬುಡಕಟ್ಟುಗಳು ವರ್ಷಗಟ್ಟಲೆ ಬಡಿದಾಡಿ ಸುಸ್ತಾಗಿದ್ದವು. ಯಹೂದಿ ಬುಡಕಟ್ಟುಗಳೂ ಇದ್ದವು. ಪಕ್ಷ ವಹಿಸದ ಒಬ್ಬ ನ್ಯಾಯಸ್ಥ ಬೇಕಾಗಿತ್ತು. ಮೆಕ್ಕಾಕ್ಕೆ ಯಾತ್ರೆಗೆ ಬಂದ ಅವರ ಜನ ಪ್ರವಾದಿಯವರನ್ನು ಕರೆದರು. ಅನುಯಾಯಿಗಳು ಗುಂಪು ಗುಂಪಾಗಿ ಹೋದರು. ಕೊನೆಗೆ, ಕೊಲ್ಲುವ ಸಂಚು ನಡೆದ ರಾತ್ರಿ, ಅಬೂ ತಾಲಿಬರ ಮಗ ಅಲಿ ಅವರು ಪ್ರವಾದಿಯವರ ಹಾಸಿಗೆಯಲ್ಲಿ ಮಲಗಿದರು. ಪ್ರವಾದಿಯವರು ಅಬೂಬಕರ್ ಜೊತೆ ಸೌರ್ ಗುಹೆಯಲ್ಲಿ ಮೂರು ರಾತ್ರಿ ಅಡಗಿದ್ದು ಯಸ್ರಿಬ್ ಸೇರಿದರು. 622ರ ಈ ವಲಸೆಯೇ ಹಿಜರತ್. ಊರಿಗೆ ಮದೀನಾ ಎಂಬ ಹೆಸರಾಯಿತು.

ಇಲ್ಲಿಂದ ಎಲ್ಲವೂ ಬದಲಾಗುತ್ತದೆ. ಮೆಕ್ಕಾದಲ್ಲಿ ಇದ್ದದ್ದು ಕಿರುಕುಳ ಅನುಭವಿಸುವ ಗುಂಪು. ಮದೀನಾದಲ್ಲಿ ಅದು ಒಂದು ಸಮಾಜ. ಮನೆಮಠ ಬಿಟ್ಟು ಬಂದ ಮೆಕ್ಕಾದ ಒಬ್ಬೊಬ್ಬರನ್ನು ಮದೀನಾದ ಒಬ್ಬೊಬ್ಬರಿಗೆ ಸೋದರ ಅಂತ ಪ್ರವಾದಿಯವರು ಜೋಡಿಸಿದರು. ಊರಿನ ಮುಸ್ಲಿಮರು, ಯಹೂದಿಗಳು ಎಲ್ಲ ಸೇರಿ ಹೇಗೆ ಬಾಳಬೇಕು ಎಂಬ ಕರಾರು ಬರೆಯಿಸಿದರು. ಖರ್ಜೂರದ ಕಾಂಡಗಳ ಕಂಬ, ಗರಿಯ ಸೂರು ಇರುವ ಮಸೀದಿ ಎದ್ದಿತು. ಜನರನ್ನು ಸೇರಿಸುವುದು ಹೇಗೆ ಎಂಬ ಚರ್ಚೆಯಾಯಿತು. ಗಂಟೆಯೂ ಬೇಡ, ಕೊಂಬೂ ಬೇಡ, ಮನುಷ್ಯನ ದನಿಯೇ ಸಾಕು ಎಂದಾಯಿತು. ಆಜಾನ್ ಕೂಗಲು ಆಯ್ಕೆಯಾದವರು ಯಾರು ಗೊತ್ತಾ? ಬಂಡೆಯ ಕೆಳಗೆ ‘ಅಹದ್’ ಅಂದಿದ್ದ ಬಿಲಾಲ್.

ರಂಜಾನಿನ ಉಪವಾಸ ಕಡ್ಡಾಯವಾದದ್ದು ಹಿಜರತ್ತಿನ ಎರಡನೇ ವರ್ಷ, 624. ಜಕಾತಿಗೆ ಲೆಕ್ಕ, ನಿಯಮ ಬಂದದ್ದೂ ಮದೀನಾದಲ್ಲಿ. ದಾನ ಮಾಡಿ ಎಂಬ ಮಾತು ಮೆಕ್ಕಾದಲ್ಲೂ ಇತ್ತು. ಆದರೆ ಸಂಗ್ರಹಿಸಿ ಹಂಚಲು ಒಂದು ಸಮಾಜ ಬೇಕಲ್ಲ.

ಕಲಬುರಗಿ_ಆಪಾ

ಟೀಚರಮ್ಮ, ನಮಾಜು ಹೆಂಗ ಮಾಡ್ತಾರ ಅಂತ ಯಾರೂ ಬರೀಲೇ ಇಲ್ಲ. ನಾನು ಹೇಳುತ್ತೇನೆ.

ಮೊದಲು ವಜೂ. ಕೈ ತೊಳೆಯುವುದು, ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರು, ಮುಖ, ಮೊಣಕೈವರೆಗೆ ಕೈ, ತಲೆಗೆ ಒದ್ದೆ ಕೈ ಸವರುವುದು, ಕೊನೆಗೆ ಹಿಮ್ಮಡಿ ಗಂಟಿನವರೆಗೆ ಕಾಲು. ನೀರು ಸಿಗದಿದ್ದರೆ ಶುದ್ಧ ಮಣ್ಣು ಮುಟ್ಟಿ ಕೈ, ಮುಖ ಸವರಿಕೊಂಡರೂ ಆಗುತ್ತದೆ. ಮರುಭೂಮಿಯ ಧರ್ಮ, ಅದಕ್ಕೂ ದಾರಿ ಇದೆ.

ಐದು ಹೊತ್ತು: ಬೆಳಕು ಹರಿಯುವ ಮುಂಚೆ ಫಜರ್, ಮಧ್ಯಾಹ್ನ ಜುಹರ್, ಇಳಿಹೊತ್ತಿಗೆ ಅಸರ್, ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್, ರಾತ್ರಿ ಇಶಾ. ನಿಲ್ಲುವುದು, ಬಾಗುವುದು, ಹಣೆ ನೆಲಕ್ಕೆ ಇಡುವುದು, ಇಷ್ಟು ಸೇರಿದರೆ ಒಂದು ರಕಾತ್. ಕಡ್ಡಾಯದ ರಕಾತುಗಳು ಕ್ರಮವಾಗಿ 2, 4, 4, 3, 4. ಪ್ರತಿ ರಕಾತಿನಲ್ಲೂ ಸೂರಾ ಫಾತಿಹಾ ಓದಬೇಕು. ಅದು ಏಳು ಸಾಲಿನ ಪ್ರಾರ್ಥನೆ, ನಮ್ಮನ್ನು ನೇರ ದಾರಿಯಲ್ಲಿ ನಡೆಸು ಅಂತ ಬೇಡಿಕೊಳ್ಳುವುದು. ಕೊನೆಗೆ ಕೂತು ಬಲಕ್ಕೆ, ಎಡಕ್ಕೆ ತಿರುಗಿ ಸಲಾಂ ಹೇಳಿದರೆ ಮುಗಿಯಿತು.

ಐದರಿಂದ ಹತ್ತು ನಿಮಿಷದ ಕೆಲಸ. ಎಲ್ಲಿ ಬೇಕಾದರೂ ಮಾಡಬಹುದು, ಜಾಗ ಸ್ವಚ್ಛ ಇದ್ದರೆ ಸಾಕು. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿಯೇ ಮಾಡಬಹುದು. ನಮ್ಮ ಕಡೆ ಹೆಂಗಸರು ಹೆಚ್ಚಾಗಿ ಮನೆಯಲ್ಲೇ ಮಾಡುತ್ತೇವೆ. ಶುಕ್ರವಾರ ಮಧ್ಯಾಹ್ನ ಗಂಡಸರು ಮಸೀದಿಗೆ ಹೋಗಲೇಬೇಕು. ಆವತ್ತು ಮೊದಲು ಖುತ್ಬಾ, ಅಂದರೆ ಪ್ರವಚನ, ಆಮೇಲೆ ಎರಡು ರಕಾತ್.

ಸಾಲಿನಲ್ಲಿ ನಿಲ್ಲುವಾಗ ಭುಜಕ್ಕೆ ಭುಜ ತಾಗಬೇಕು. ಮೊದಲು ಬಂದವರು ಮುಂದೆ. ಸಾಹುಕಾರನಿಗೆ ಬೇರೆ ಜಾಗ ಇಲ್ಲ. ಮಕ್ಕಳಿಗೆ ಇದನ್ನು ತೋರಿಸಬೇಕು ಅಂದರೆ ನಮ್ಮ ಊರಿನ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಕರೆದುಕೊಂಡು ಬನ್ನಿ. 1367ರದ್ದು, ಬಹಮನಿಗಳ ಕಾಲದ್ದು. ಬೇರೆ ಮಸೀದಿಗಳಲ್ಲಿ ಮಧ್ಯೆ ಬಯಲು ಅಂಗಳ ಇರುತ್ತದೆ, ಇಲ್ಲಿ ಅದನ್ನೂ ಮುಚ್ಚಿ ಚಾವಣಿ ಹಾಕಿದ್ದಾರೆ. ಕಮಾನಿನ ಸಾಲುಗಳ ನಡುವೆ ನಿಂತರೆ ಸಾಲು ಅಂದರೇನು ಅಂತ ತಾನೇ ಗೊತ್ತಾಗುತ್ತದೆ.

ಬಂದರಿನವ

ಆಪಾ ಚೆನ್ನಾಗಿ ಹೇಳಿದಿರಿ. ಒಂದು ಚಿಕ್ಕ ವ್ಯತ್ಯಾಸ ಸೇರಿಸುತ್ತೇನೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿ ಪಂಥದವರು. ಒಳನಾಡಿನ ಮುಸ್ಲಿಮರು ಹೆಚ್ಚಾಗಿ ಹನಫಿ. ಕಡಲ ದಾರಿಯಲ್ಲಿ ಅರಬ್ ವ್ಯಾಪಾರಿಗಳ ಜೊತೆ ಬಂದದ್ದು ಒಂದು, ಉತ್ತರದಿಂದ ನೆಲದ ದಾರಿಯಲ್ಲಿ ಬಂದದ್ದು ಇನ್ನೊಂದು. ವಸ್ತುವಿನ ನೆರಳು ಅದರ ಎತ್ತರದಷ್ಟು ಉದ್ದವಾದಾಗ ನಮಗೆ ಅಸರ್ ಶುರು. ಹನಫಿಗಳಿಗೆ ನೆರಳು ಎರಡರಷ್ಟಾಗಬೇಕು. ಅದಕ್ಕೇ ಮಂಗಳೂರಿನಲ್ಲಿ ಅಸರ್ ಆಜಾನ್ ಬೇಗ, ಕಲಬುರಗಿಯಲ್ಲಿ ತಡ. ಮೂಲ ಒಂದೇ.

ಶಾರ್ಜಾ_ಕನ್ನಡಿಗ

ರಂಜಾನ್ ಸರಿಯುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯುಗಾದಿ ಹೋಲಿಕೆ ಮಾಡಿದ ಹುಡುಗಿಗೆ ಶಭಾಷ್ ಹೇಳಿ.

ಎರಡೂ ಚಂದ್ರನ ಲೆಕ್ಕವೇ. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಡಿಮೆ. ನಮ್ಮ ಪಂಚಾಂಗದಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿಮಾಡುತ್ತೇವೆ, ಹಾಗಾಗಿ ಯುಗಾದಿ ವಸಂತ ಬಿಟ್ಟು ಹೋಗುವುದಿಲ್ಲ. ಅರಬರಲ್ಲೂ ಮೊದಲು ಹಾಗೆ ತಿಂಗಳು ಸೇರಿಸುವ, ಮುಂದೂಡುವ ಪದ್ಧತಿ ಇತ್ತು. ಕುರ್‌ಆನ್ ಅದನ್ನು ನಿಲ್ಲಿಸಿತು. ಯುದ್ಧ ನಿಷಿದ್ಧ ತಿಂಗಳುಗಳನ್ನು ತಮಗೆ ಬೇಕಾದಂತೆ ಹಿಂದೆ ಮುಂದೆ ಮಾಡುತ್ತಿದ್ದರು ಎಂಬುದು ಕಾರಣ. ಅಲ್ಲಿಂದ ಇಸ್ಲಾಮಿನ ತಿಂಗಳು ಎಲ್ಲ ಋತುಗಳನ್ನೂ ಸುತ್ತುತ್ತದೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು. ಲೆಕ್ಕದ ಪ್ರಕಾರ 2030ರಲ್ಲಿ ರಂಜಾನ್ ಎರಡು ಸಲ ಶುರುವಾಗುತ್ತದೆ, ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಕ್ಲಾಸಿನಲ್ಲಿ ಲೆಕ್ಕ ಮಾಡಿಸಿ ನೋಡಿ.

ಇಸ್ಲಾಮಿನ ಹಿಜರಿ ವರ್ಷವನ್ನು 622ರಿಂದ ಎಣಿಸಲು ಶುರು ಮಾಡಿಸಿದ್ದು ಎರಡನೇ ಖಲೀಫ, ಅಂದರೆ ಪ್ರವಾದಿಯವರ ನಂತರ ಮುಸ್ಲಿಮರ ಎರಡನೇ ನಾಯಕರಾದ ಉಮರ್. ಪ್ರವಾದಿಯವರ ಹುಟ್ಟಿನಿಂದಲ್ಲ, ಮೊದಲ ದೈವವಾಣಿಯಿಂದಲೂ ಅಲ್ಲ, ವಲಸೆಯಿಂದ. ಹಳೇ_ನಕ್ಷೆಯವರು ಹೇಳಿದ್ದು ಇಲ್ಲಿಗೆ ಸೇರುತ್ತದೆ.

ಇನ್ನು ರೋಜಾ. ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ಊಟ ಇಲ್ಲ, ನೀರೂ ಇಲ್ಲ. ರೋಗಿಗಳು, ಪ್ರಯಾಣದಲ್ಲಿರುವವರು, ಬಸುರಿಯರು, ಹಾಲೂಡಿಸುವ ತಾಯಂದಿರು ಬಿಡಬಹುದು, ಆಮೇಲೆ ತೀರಿಸಬೇಕು. ತೀರಾ ವಯಸ್ಸಾದವರು ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ ಕೊಟ್ಟರೆ ಸಾಕು. ಮುಟ್ಟಿನ ದಿನಗಳಲ್ಲಿ ರೋಜಾ ಮಾಡುವಂತಿಲ್ಲ. ಬೇಸಿಗೆಯಲ್ಲಿ ಇಲ್ಲಿ ಕಟ್ಟಡದ ಕೆಲಸ ಮಾಡುತ್ತಲೇ ಉಪವಾಸ ಇರುವ ನಮ್ಮ ಊರಿನ ಹುಡುಗರನ್ನು ನೋಡಿದ್ದೇನೆ. ಅವರ ಬಗ್ಗೆ ನನಗೆ ಬಹಳ ಗೌರವ. ಸಂಜೆ ಖರ್ಜೂರ, ನೀರು, ಎದುರು ಸಿಕ್ಕವರನ್ನೆಲ್ಲ ಕರೆದು ಕೂರಿಸುತ್ತಾರೆ. ಯಾವ ಧರ್ಮ ಅಂತ ಕೇಳುವುದಿಲ್ಲ.

ಕಲಬುರಗಿ_ಆಪಾ

ಜಕಾತ್ ಬಗ್ಗೆ ಎರಡು ಮಾತು. ಇದು ಮನಸ್ಸು ಬಂದಷ್ಟು ಕೊಡುವ ದಾನ ಅಲ್ಲ, ಲೆಕ್ಕದ ಬಾಬತ್ತು. ಒಂದು ವರ್ಷ ಪೂರ್ತಿ ಕೈಯಲ್ಲಿ ಉಳಿದ ಹಣ, ಚಿನ್ನ, ವ್ಯಾಪಾರದ ಸರಕು ಇವುಗಳ ಮೇಲೆ ನೂರಕ್ಕೆ ಎರಡೂವರೆ. ಒಂದು ಲಕ್ಷಕ್ಕೆ 2,500 ರೂಪಾಯಿ. ಇರುವ ಮನೆ, ಓಡಿಸುವ ಗಾಡಿ ಲೆಕ್ಕಕ್ಕಿಲ್ಲ. ಇಷ್ಟಕ್ಕಿಂತ ಕಡಿಮೆ ಇದ್ದರೆ ಕೊಡಬೇಕಿಲ್ಲ ಅಂತ ಮಿತಿಯೂ ಇದೆ. ನಮ್ಮ ಕಡೆ 7.5 ತೊಲ ಚಿನ್ನ ಇಲ್ಲವೇ 52.5 ತೊಲ ಬೆಳ್ಳಿಯ ಬೆಲೆ ಹಿಡಿಯುತ್ತಾರೆ.

ರೈತರ ಮಕ್ಕಳಿಗೆ ಇದನ್ನು ಹೇಳಿ: ಬೆಳೆಗೂ ಜಕಾತ್ ಇದೆ. ಮಳೆ ನೀರಲ್ಲಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು. ನೀರೆತ್ತಿ ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಬೆವರು ಜಾಸ್ತಿ ಸುರಿದ ಕಡೆ ಪಾಲು ಕಡಿಮೆ. ಯಾರಿಗೆ ಕೊಡಬೇಕು ಎಂಬುದಕ್ಕೆ ಕುರ್‌ಆನಿನಲ್ಲೇ ಎಂಟು ಬಗೆಯವರ ಹೆಸರಿದೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು, ಬಿಡುಗಡೆಯಾಗಬೇಕಾದ ಗುಲಾಮರು ಎಲ್ಲ ಅದರಲ್ಲಿದ್ದಾರೆ. ಹೆತ್ತವರಿಗೆ, ಮಕ್ಕಳಿಗೆ ಜಕಾತ್ ಕೊಡುವಂತಿಲ್ಲ. ಅವರನ್ನು ನೋಡಿಕೊಳ್ಳುವುದು ಹೇಗೂ ನಿಮ್ಮ ಹೊಣೆಯೇ.

ನೇರಮಾತು

ಇದೆಲ್ಲ ಒಪ್ಪುತ್ತೇನೆ. ಆದರೆ ಎಲ್ಲರೂ ಯುದ್ಧಗಳನ್ನು ದಾಟಿ ಹೋಗುತ್ತಿದ್ದೀರಿ. ಇಸ್ಲಾಂ ಕತ್ತಿಯಿಂದ ಹಬ್ಬಿತು ಅಂತ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಕ್ಲಾಸಿನಲ್ಲಿ ಯಾವುದಾದರೂ ಮಗು ಇದನ್ನು ಕೇಳಿಯೇ ಕೇಳುತ್ತದೆ. ಟೀಚರ್ ಏನು ಹೇಳಬೇಕು?

ಹಳೇ_ನಕ್ಷೆ

ಕೇಳಬೇಕಾದ ಪ್ರಶ್ನೆಯೇ. ಮುಚ್ಚುಮರೆ ಇಲ್ಲದೆ ಹೇಳೋಣ.

ಮದೀನಾದಲ್ಲಿದ್ದಾಗ ಮೆಕ್ಕಾದವರ ಜೊತೆ ಯುದ್ಧಗಳಾದವು. 624ರಲ್ಲಿ ಬದರ್, 625ರಲ್ಲಿ ಉಹುದ್, 627ರಲ್ಲಿ ಕಂದಕದ ಯುದ್ಧ. ಬದರಿನಲ್ಲಿ ಸೆರೆಸಿಕ್ಕವರಲ್ಲಿ ಓದು ಬರಹ ಬಲ್ಲವರು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆ ಎಂದಿತ್ತಂತೆ. ಕಠೋರ ಘಟನೆಗಳೂ ಇವೆ. ಕಂದಕದ ಮುತ್ತಿಗೆಯಲ್ಲಿ ಶತ್ರುವಿನ ಜೊತೆ ಸೇರಿದರು ಎಂಬ ಆರೋಪದ ಮೇಲೆ ಬನೂ ಖುರೈಝಾ ಎಂಬ ಯಹೂದಿ ಬುಡಕಟ್ಟಿನ ಗಂಡಸರನ್ನು ಕೊಂದದ್ದನ್ನು ಮುಸ್ಲಿಂ ಚರಿತ್ರೆಕಾರರೇ ಬರೆದಿಟ್ಟಿದ್ದಾರೆ. ಅದರ ಬಗ್ಗೆ ಇವತ್ತಿಗೂ ಚರ್ಚೆ ಇದೆ. ಇನ್ನೊಂದು ಕಡೆ, 628ರಲ್ಲಿ ಹುದೈಬಿಯಾದಲ್ಲಿ ತಮ್ಮವರೇ ಬೇಸರಪಟ್ಟರೂ ಪ್ರವಾದಿಯವರು ಒಪ್ಪಂದಕ್ಕೆ ಸಹಿ ಹಾಕಿದರು. 630ರಲ್ಲಿ ಮೆಕ್ಕಾ ಹೆಚ್ಚುಕಡಿಮೆ ರಕ್ತಪಾತ ಇಲ್ಲದೆ ಶರಣಾಯಿತು. ಇಪ್ಪತ್ತು ವರ್ಷ ಪೀಡಿಸಿದ ಊರಿಗೆ ಸಾಮೂಹಿಕ ಕ್ಷಮೆ ಸಿಕ್ಕಿತು. ವಿಗ್ರಹಗಳನ್ನು ತೆಗೆಸಿದರು. ಬಿಲಾಲ್ ಕಅಬಾದ ಮೇಲೆ ಹತ್ತಿ ಆಜಾನ್ ಕೂಗಿದರು.

632ರಲ್ಲಿ ಪ್ರವಾದಿಯವರು ತೀರಿಕೊಂಡರು. ಅದರ ನಂತರದ ಹಬ್ಬುವಿಕೆಯಲ್ಲಿ ರಾಜ್ಯ ಬೇರೆ, ಧರ್ಮ ಬೇರೆ ಅಂತ ನೋಡಬೇಕು. ರಾಜ್ಯ ಬೆಳೆದದ್ದು ಸೈನ್ಯದಿಂದಲೇ. 636ರಲ್ಲಿ ಯರ್ಮೂಕ್ ಯುದ್ಧ ಗೆದ್ದು ಸಿರಿಯಾ, 642ರ ಹೊತ್ತಿಗೆ ಈಜಿಪ್ಟ್, 651ರಲ್ಲಿ ಪರ್ಷಿಯಾದ ಸಸಾನಿಡ್ ಸಾಮ್ರಾಜ್ಯದ ಕೊನೆ. ಆದರೆ ಆ ನಾಡುಗಳ ಜನ ಕೂಡಲೇ ಮುಸ್ಲಿಮರಾಗಲಿಲ್ಲ. ಮುಸ್ಲಿಮರಲ್ಲದವರ ಮೇಲಿನ ಜಿಝ್ಯಾ ತೆರಿಗೆ ಕೊಟ್ಟು ತಮ್ಮ ಧರ್ಮದಲ್ಲೇ ಉಳಿದರು. ಈಜಿಪ್ಟ್, ಇರಾನ್ ಮುಸ್ಲಿಂ ಬಹುಸಂಖ್ಯಾತವಾಗಲು ನೂರಾರು ವರ್ಷ ಹಿಡಿಯಿತು. ತೆರಿಗೆ, ಮದುವೆ, ವ್ಯಾಪಾರ, ಸೂಫಿಗಳ ಮಾತು, ಅಧಿಕಾರದ ಆಸೆ, ಪ್ರಾಮಾಣಿಕ ನಂಬಿಕೆ, ಹೀಗೆ ಕಾರಣಗಳು ಹಲವು. ಇಂಡೋನೇಷ್ಯಾಕ್ಕೆ ಯಾವ ಅರಬ್ ಸೈನ್ಯವೂ ಹೋಗಲಿಲ್ಲ, ವ್ಯಾಪಾರಿಗಳು ಹೋದರು. ನಮ್ಮ ಕರಾವಳಿಯದೂ ಅದೇ ಕಥೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿ 644ರದ್ದು ಎಂದು ಅಲ್ಲಿನ ಸಂಪ್ರದಾಯ ಹೇಳುತ್ತದೆ.

ಕೃಷ್ಣಾತೀರ

ನಾನು ರಾಯಚೂರು ಕಡೆಯವನು. ನಮ್ಮೂರಲ್ಲಿ ಮೊಹರಂ ದೊಡ್ಡ ಹಬ್ಬ. ಪಂಜಾ (ಹಸ್ತದ ಆಕಾರದ ಲಾಂಛನ) ಕೂರಿಸುತ್ತಾರೆ, ಬೆಂಕಿ ಹಾಕುವ ಅಲಾವಿ ಕುಣಿ ತೋಡುತ್ತಾರೆ, ರಿವಾಯತ್ ಪದ ಹಾಡಿ ಹೆಜ್ಜೆ ಹಾಕುತ್ತೇವೆ. ಮನೆಯಲ್ಲಿ ಚೋಂಗೆ ಎಂಬ ಸಿಹಿ ತಿಂಡಿ ಮಾಡುತ್ತಾರೆ. ಒಂದು ಮುಸ್ಲಿಂ ಮನೆಯೂ ಇಲ್ಲದ ಹಳ್ಳಿಗಳಲ್ಲೂ ಇದು ನಡೆಯುತ್ತದೆ. ಮುದಗಲ್ಲಿಗೆ ಎಷ್ಟು ಜನ ಸೇರುತ್ತಾರೆ ಅಂತ ನೋಡಿಯೇ ತಿಳಿಯಬೇಕು. ಆದರೆ ಇದು ಹಬ್ಬವಲ್ಲ, ಶೋಕ ಅಂತಾರಲ್ಲ? ಇದು ಯಾವ ಕಾಲದ್ದು?

ಹಳೇ_ನಕ್ಷೆ

ಶೋಕದ ದಿನವೇ ಅಣ್ಣಾ. ಪ್ರವಾದಿಯವರ ನಂತರ ನಾಯಕ ಯಾರು ಎಂಬ ಪ್ರಶ್ನೆ ಎದ್ದಿತು. ಹೆಚ್ಚಿನವರು ಅಬೂಬಕರ್ ಅವರನ್ನು ಒಪ್ಪಿದರು, ಅವರ ದಾರಿಯವರೇ ಸುನ್ನಿಗಳು. ಆಮೇಲೆ ಉಮರ್, ಉಸ್ಮಾನ್, ನಾಲ್ಕನೆಯವರಾಗಿ ಅಲಿ. ನಾಯಕತ್ವ ಮೊದಲಿನಿಂದಲೂ ಅಳಿಯ ಅಲಿ ಅವರಿಗೇ ಸಲ್ಲಬೇಕಿತ್ತು ಎಂದವರು ಶಿಯಾಗಳು. ಅಲಿ ಅವರ ಮಗ, ಪ್ರವಾದಿಯವರ ಮೊಮ್ಮಗ ಹುಸೇನ್, ಖಲೀಫ ಯಝೀದನಿಗೆ ತಲೆಬಾಗಲು ಒಪ್ಪಲಿಲ್ಲ. 680ರಲ್ಲಿ, ಮೊಹರಂ ತಿಂಗಳ ಹತ್ತನೇ ದಿನ, ಇರಾಕಿನ ಕರ್ಬಲಾದಲ್ಲಿ ನೀರು ಕೂಡ ಸಿಗದಂತೆ ಸುತ್ತುಗಟ್ಟಿ ಅವರನ್ನೂ ಸಂಗಡಿಗರನ್ನೂ ಕೊಂದರು. ನಿಮ್ಮ ಪದಗಳಲ್ಲಿ ಬರುವ ಹಸನ್ ಹುಸೇನರಲ್ಲಿ ಹುಸೇನ್ ಇವರೇ, ಹಸನ್ ಎಂದರೆ ಇವರ ಅಣ್ಣ.

ಟೀಚರ್, ಇದು ಐದು ಕರ್ತವ್ಯಗಳ ಭಾಗವಲ್ಲ. ಹಲವು ಸುನ್ನಿ ಉಲೇಮಾಗಳು, ಅಂದರೆ ಧರ್ಮಪಂಡಿತರು, ಪಂಜಾ, ಕುಣಿತ ಇವನ್ನು ಒಪ್ಪುವುದೂ ಇಲ್ಲ. ಆದರೆ ಕನ್ನಡ ನಾಡಿನ ಹಳ್ಳಿಯ ನೆನಪಿನಲ್ಲಿ ಕರ್ಬಲಾ ಗಟ್ಟಿಯಾಗಿ ಕೂತಿದೆ, ಅದನ್ನು ಬಿಟ್ಟು ಪಾಠ ಮಾಡಬೇಡಿ.

ದುರ್ಗದ_ಟೀಚರ್

ಇಷ್ಟೆಲ್ಲ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ನೋಟ್ಸ್ ಮಾಡಿಕೊಳ್ಳುತ್ತಿದ್ದೇನೆ. ಎರಡು ಉಳಿದಿವೆ. ಹಜ್ ಯಾವಾಗ ಬಂತು? ಕುರ್‌ಆನ್ ಪುಸ್ತಕವಾದದ್ದು ಯಾವಾಗ? ಇನ್ನೊಂದು, ಮಕ್ಕಳನ್ನು ನಮ್ಮ ಊರಿನ ಮಸೀದಿಗೆ ಕರೆದುಕೊಂಡು ಹೋಗಬಹುದಾ?

ಬಂದರಿನವ

ಕುರ್‌ಆನ್ ಒಂದೇ ಸಲಕ್ಕೆ ಬಂದದ್ದಲ್ಲ. 23 ವರ್ಷ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಜನ ಬಾಯಿಪಾಠ ಮಾಡಿದರು. ಚರ್ಮ, ಮೂಳೆ, ಖರ್ಜೂರದ ದಿಂಡು, ಸಿಕ್ಕಿದ್ದರ ಮೇಲೆ ಬರೆದಿಟ್ಟರು. ಪ್ರವಾದಿಯವರ ನಂತರ ಯಮಾಮ ಯುದ್ಧದಲ್ಲಿ ಬಾಯಿಪಾಠ ಬಲ್ಲ ಹಲವರು ಸತ್ತಾಗ ಆತಂಕ ಹುಟ್ಟಿತು. ಅಬೂಬಕರ್ ಅವರು ಝೈದ್ ಬಿನ್ ಸಾಬಿತ್ ಎಂಬ ಲಿಪಿಕಾರರಿಗೆ ಎಲ್ಲ ಒಟ್ಟುಗೂಡಿಸಲು ಹೇಳಿದರು. ಸುಮಾರು 650ರಲ್ಲಿ ಉಸ್ಮಾನ್ ಅವರು ಒಂದೇ ಪಾಠದ ಪ್ರತಿಗಳನ್ನು ಮಾಡಿಸಿ ಊರೂರಿಗೆ ಕಳಿಸಿದರು. ಒಟ್ಟು 114 ಅಧ್ಯಾಯ. ಇವು ಬಂದ ಕ್ರಮದಲ್ಲಿ ಇಲ್ಲ, ಹೆಚ್ಚುಕಡಿಮೆ ಉದ್ದದ್ದು ಮೊದಲು, ಚಿಕ್ಕದು ಕೊನೆಗೆ. ಹಿರಾ ಗುಹೆಯಲ್ಲಿ ಮೊದಲು ಬಂದ ವಾಕ್ಯಗಳು ಇರುವುದು 96ನೇ ಅಧ್ಯಾಯದಲ್ಲಿ. ಹೊಸದಾಗಿ ಓದುವವರು ಕೊನೆಯ ಚಿಕ್ಕ ಅಧ್ಯಾಯಗಳಿಂದ ಶುರು ಮಾಡಿದರೆ ಮೆಕ್ಕಾದ ದಿನಗಳ ದನಿ ಬೇಗ ಕಿವಿಗೆ ಬೀಳುತ್ತದೆ.

ಹಜ್ ಯಾತ್ರೆ ಇಸ್ಲಾಮಿಗಿಂತ ಹಳೆಯದು, ಅದನ್ನು ವಿಗ್ರಹಗಳಿಲ್ಲದೆ ಇಬ್ರಾಹೀಮರ ನೆನಪಿಗೆ ಮರಳಿಸಿದರು. ಮದೀನಾದಿಂದ ಪ್ರವಾದಿಯವರು ಮಾಡಿದ್ದು ಒಂದೇ ಹಜ್, 632ರಲ್ಲಿ, ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ. ಇವತ್ತಿನ ಕ್ರಮವೆಲ್ಲ ಆ ಯಾತ್ರೆಯನ್ನು ನೋಡಿ ಕಲಿತದ್ದು. ಗಂಡಸರು ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ ಉಡುತ್ತಾರೆ. ಕಅಬಾಕ್ಕೆ ಏಳು ಸುತ್ತು. ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡಿಗೆ. ಮಗು ಇಸ್ಮಾಯೀಲನಿಗೆ ನೀರು ಹುಡುಕುತ್ತಾ ತಾಯಿ ಹಾಜರಾ ಓಡಿದ ದಾರಿ ಅದು. ಝುಲ್‌ಹಜ್ ತಿಂಗಳ 9ನೇ ದಿನ ಅರಫಾ ಬಯಲಿನಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಇರುವುದೇ ಹಜ್ಜಿನ ತಿರುಳು, ಅದು ತಪ್ಪಿದರೆ ಹಜ್ ಇಲ್ಲ. ಮರುದಿನ ಬಕ್ರೀದ್. ಕೈಯಲ್ಲಿ ಹಣ, ಮೈಯಲ್ಲಿ ಶಕ್ತಿ ಎರಡೂ ಇರುವವರಿಗೆ ಮಾತ್ರ, ಅದೂ ಬಾಳಿನಲ್ಲಿ ಒಮ್ಮೆ ಕಡ್ಡಾಯ. ಸಾಲ ಮಾಡಿ ಹೋಗಬೇಕಿಲ್ಲ.

ಆ ಯಾತ್ರೆಯ ಪ್ರವಚನದಲ್ಲಿ ಪ್ರವಾದಿಯವರು, ಅರಬನಿಗೆ ಅರಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಹೆಚ್ಚುಗಾರಿಕೆ ಇಲ್ಲ ಎಂದರು ಎಂದು ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಗಳ ದಾಖಲೆ, ಹೇಳುತ್ತದೆ. ನಮ್ಮ ಸಮಾಜದಲ್ಲಿ ಇದನ್ನು ಎಷ್ಟು ಪಾಲಿಸುತ್ತೇವೆ ಎಂದು ನಾವೇ ಕೇಳಿಕೊಳ್ಳಬೇಕು, ನಾನು ಅದನ್ನು ನೋವಿನಿಂದಲೇ ಹೇಳುತ್ತೇನೆ.

ಮಸೀದಿಗೆ ಖಂಡಿತ ಕರೆದುಕೊಂಡು ಹೋಗಿ ಮೇಡಂ. ಮೊದಲೇ ಮಸೀದಿ ಕಮಿಟಿಯವರ ಹತ್ತಿರ ಮಾತಾಡಿ. ಶುಕ್ರವಾರ ಮಧ್ಯಾಹ್ನ ಬೇಡ, ತುಂಬಾ ಜನ ಇರುತ್ತಾರೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋದರೆ ಜುಹರಿಗೆ ಮೊದಲು ಸಮಯ ಸಿಗುತ್ತದೆ. ಚಪ್ಪಲಿ ಹೊರಗೆ ಬಿಡಬೇಕು. ಹೆಣ್ಣುಮಕ್ಕಳು ತಲೆಗೆ ದುಪಟ್ಟಾ ಹಾಕಿಕೊಂಡರೆ ಒಳ್ಳೆಯದು. ನಮಾಜು ಮಾಡುತ್ತಿರುವವರ ಎದುರಿನಿಂದ ದಾಟಬಾರದು. ವಜೂ ಮಾಡುವ ನೀರಿನ ತೊಟ್ಟಿ ಹೌಜ್, ಪಶ್ಚಿಮ ಗೋಡೆಯಲ್ಲಿ ಕಅಬಾದ ದಿಕ್ಕು ತೋರುವ ಗೂಡು ಮಿಹ್ರಾಬ್, ಖುತ್ಬಾ ಹೇಳುವ ಮೆಟ್ಟಿಲು ಮಿಂಬರ್, ಈ ಮೂರನ್ನೂ ತೋರಿಸಲು ಹೇಳಿ. ಪ್ರಶ್ನೆಗಳನ್ನು ಮಕ್ಕಳೇ ಇಮಾಮರಿಗೆ ಕೇಳಲಿ. ಐದು ಹೊತ್ತು ಯಾಕೆ ಅಂತ ಕೇಳಿದ ಆ ಹುಡುಗ ಈಗ ಮೇಲಿನ ತರಗತಿಗೆ ಹೋಗಿರಬೇಕು. ಅವನನ್ನೂ ಕರೆದುಕೊಂಡು ಹೋಗಿ.

ಕಲಬುರಗಿ_ಆಪಾ

ರಂಜಾನ್ ತಿಂಗಳಲ್ಲಾದರೆ ಸಂಜೆ ಕರೆದುಕೊಂಡು ಬನ್ನಿ ಟೀಚರಮ್ಮ. ಇಫ್ತಾರಿಗೆ ಮಕ್ಕಳಿಗೂ ಒಂದು ತಟ್ಟೆ ಹಾಕುತ್ತಾರೆ. ಎಷ್ಟು ಮಕ್ಕಳು ಅಂತ ಕಮಿಟಿಯವರಿಗೆ ಎರಡು ದಿನ ಮುಂಚೆ ತಿಳಿಸಿದರೆ ಸಾಕು.